ಜೀಬ್ರಾ ಫಿಂಚ್ ಗೂಡಿನಲ್ಲಿ ಎಣಿಸದ ಬಣ್ಣದ ಮರಿ: ಕಾರಣ ಪತ್ತೆ ಮಾಡುವ ಬಗೆ

ಪಂಜರದಲ್ಲಿ ಸಾಕುವ ಪುಟ್ಟ ಹಕ್ಕಿ ಜೀಬ್ರಾ ಫಿಂಚ್‌ನ ಒಂದು ಜೋಡಿ. ತಂದೆ ಬೂದು, ತಾಯಿ ಬೂದು. ಗೂಡಿನಿಂದ ಇಳಿದ ನಾಲ್ಕು ಮರಿಗಳಲ್ಲಿ ಮೂರು ಬೂದು, ಒಂದು ಮಾತ್ರ ತಿಳಿಗಂದು. ಕೂಡಲೇ ಬರುವ ಅನುಮಾನಗಳು ಮೂರು: ಅಂಗಡಿಯವರು ಬೆರಕೆ ಹಕ್ಕಿ ಕೊಟ್ಟಿದ್ದಾರೆ, ಕಾಳಿನಲ್ಲಿ ಏನೋ ಕೊರತೆ ಇದೆ, ಇಲ್ಲವೇ ಇದು ಹೊಸ ಮ್ಯುಟೇಶನ್ (ಜೀನು ಬದಲಾಗಿ ಹುಟ್ಟಿದ ಬಣ್ಣ), ಒಳ್ಳೆಯ ಬೆಲೆ ಬರುತ್ತದೆ. ಹೆಚ್ಚಿನ ಸಲ ಮೂರೂ ಸುಳ್ಳು. ಮೊದಲು ಗೊತ್ತಾಗಬೇಕಾದ್ದು ಬೇರೆಯೇ ಇದೆ: ಆ ಮರಿ ಗಂಡೋ ಹೆಣ್ಣೋ?

ಹೆಣ್ಣಾದರೆ ತಂದೆಯೊಳಗೆ ಅಡಗಿದ್ದ ಬಣ್ಣ ಹೊರಗೆ ಬಂದಿದೆ, ಅಷ್ಟೇ, ಏನೂ ಕೆಟ್ಟಿಲ್ಲ. ಗಂಡಾದರೆ ಗೂಡಿನಲ್ಲಿ ಕಾವು ಕೂತ ಆ ಬೂದು ಹೆಣ್ಣು ಅದರ ತಾಯಿಯೇ ಅಲ್ಲ. ಬಣ್ಣ ಒಂದೇ, ಲಿಂಗ ಬದಲಾದರೆ ತೀರ್ಮಾನ ಪೂರಾ ಬದಲಾಗುತ್ತದೆ. ಹಾಗಾಗಿ ಬಣ್ಣದ ಗೊಂದಲ ಬಿಡಿಸುವವರು ಮೊದಲು ಲಿಂಗ, ಆಮೇಲೆ ಪಂಜರ, ಕೊನೆಗೆ ಜೀನು ಎಂಬ ಕ್ರಮದಲ್ಲಿ ಹೋಗಬೇಕು. ಹೆಚ್ಚಿನವರು ಕೊನೆಯದರಿಂದ ಶುರು ಮಾಡಿ ಕಾಗದದ ತುಂಬ ವಂಶಲೆಕ್ಕದ ಚೌಕ ಬರೆದು ಸುಸ್ತಾಗುತ್ತಾರೆ.

ಲಿಂಗವೇ ಏಕೆ ಮೊದಲು

ಹಕ್ಕಿಗಳ ಲೆಕ್ಕ ನಮ್ಮದಕ್ಕೆ ತಿರುಗುಮುರುಗು. ಗಂಡಿಗೆ ಎರಡು ಝಡ್ ವರ್ಣತಂತು. ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ. ಗಂಡುಮರಿಗೆ ತಂದೆಯಿಂದ ಒಂದು ಝಡ್, ತಾಯಿಯಿಂದ ಒಂದು ಝಡ್ ಸಿಗುತ್ತದೆ. ಹೆಣ್ಣುಮರಿಗಿರುವ ಒಂದೇ ಝಡ್ ತಂದೆಯದು; ತಾಯಿ ಅದಕ್ಕೆ ಕೊಡುವುದು ಡಬ್ಲ್ಯೂ ಮಾತ್ರ.

ಜೀಬ್ರಾ ಫಿಂಚ್‌ನಲ್ಲಿ ಮೂರು ಸಾಮಾನ್ಯ ಬಣ್ಣಗಳ ಜೀನು ಈ ಝಡ್ ಮೇಲೆ ಕೂತಿದೆ: ಫಾನ್ (ಮೇಲೆ ಹೇಳಿದ ತಿಳಿಗಂದು), ಲೈಟ್‌ಬ್ಯಾಕ್ (ಬೆನ್ನು ತಿಳಿಬೂದು), ಮತ್ತು ಚೆಸ್ಟ್‌ನಟ್ ಫ್ಲ್ಯಾಂಕ್ಡ್ ವೈಟ್ (ಮೈ ಬಿಳಿ, ಗಂಡಿನ ಪಕ್ಕೆ ಕಂದು), ಅಂದರೆ ಎಲ್ಲರೂ ಸಿಎಫ್‌ಡಬ್ಲ್ಯೂ ಎನ್ನುವ ಬಣ್ಣ. ಮೂರೂ ಬೂದು ಬಣ್ಣದ ಎದುರು ದುರ್ಬಲ. ಗಂಡಿನಲ್ಲಿ ಎರಡು ಝಡ್ ಮೇಲೂ ಇದ್ದರಷ್ಟೇ ಕಾಣುತ್ತವೆ. ಒಂದರ ಮೇಲಿದ್ದರೆ ಹಕ್ಕಿ ಬೂದಾಗಿಯೇ ಇದ್ದು ಬಣ್ಣವನ್ನು ಒಳಗೆ ಹೊತ್ತಿರುತ್ತದೆ. ಇದನ್ನೇ ಸ್ಪ್ಲಿಟ್ ಎನ್ನುವುದು. ಹೆಣ್ಣಿಗೆ ಇರುವುದೇ ಒಂದು ಝಡ್, ಅಡಗಿಸಿಡಲು ಜಾಗವೇ ಇಲ್ಲ. ‘ಬೂದು ಹೆಣ್ಣು, ಸ್ಪ್ಲಿಟ್ ಫಾನ್’ ಎಂದು ಯಾರಾದರೂ ಮಾರಲು ಬಂದರೆ ಅವರಿಗೆ ಈ ಲೆಕ್ಕ ಗೊತ್ತಿಲ್ಲ ಎಂದರ್ಥ.

ಇದರಿಂದ ಹೊರಡುವ ಎರಡು ಮಾತು ಬಾಯಿಪಾಠ ಆಗಿರಬೇಕು. ತಂದೆ ಫಾನ್ ಆಗಿದ್ದರೆ ಹೆಣ್ಣುಮರಿಗಳೆಲ್ಲ ಫಾನ್ ಆಗಲೇಬೇಕು. ಗಂಡುಮರಿ ಫಾನ್ ಆಗಿದ್ದರೆ ತಾಯಿ ಫಾನ್ ಆಗಿರಲೇಬೇಕು. ಫಾನ್ ಎಂಬಲ್ಲಿ ಸಿಎಫ್‌ಡಬ್ಲ್ಯೂ ಎಂದು ಓದಿಕೊಂಡರೂ ಮಾತು ಬದಲಾಗುವುದಿಲ್ಲ.

ಉಳಿದವು ಲಿಂಗದ ಹಂಗಿಲ್ಲದ ಬಣ್ಣಗಳು. ಬಿಳಿ, ಪೈಡ್ (ಮೈಮೇಲೆ ಬಿಳಿ ಮಚ್ಚೆ), ಪೆಂಗ್ವಿನ್ (ಎದೆಪಟ್ಟಿ ಇಲ್ಲದ ಬಿಳಿ ಎದೆ), ಕಪ್ಪೆದೆ, ಕಿತ್ತಳೆ ಎದೆ, ಕಪ್ಪು ಕೆನ್ನೆ, ಹಳದಿ ಕೊಕ್ಕು ದುರ್ಬಲ. ಮರಿಯಲ್ಲಿ ಕಾಣಬೇಕಾದರೆ ತಂದೆ ತಾಯಿ ಇಬ್ಬರೂ ಹೊತ್ತಿರಬೇಕು. ತಲೆಯ ಜುಟ್ಟು, ಡಾಮಿನೆಂಟ್ ಸಿಲ್ವರ್ (ಬೆಳ್ಳಿಯಂಥ ತೆಳುಬೂದು) ಪ್ರಬಲ. ಒಬ್ಬರಲ್ಲಿದ್ದರೂ ಸಾಕು, ಆದರೆ ಆ ಒಬ್ಬರಲ್ಲಿ ಕಣ್ಣಿಗೆ ಕಾಣುತ್ತಿರಬೇಕು.

ಮರಿಯನ್ನು ಸರಿಯಾಗಿ ನೋಡಿದ್ದೀರಾ?

ಗೂಡಿನಿಂದ ಹೊರಬರುವುದು ಸುಮಾರು 18ರಿಂದ 21 ದಿನಕ್ಕೆ. ಆಗ ಬೂದು ತಳಿಯ ಗಂಡು, ಹೆಣ್ಣು ಒಂದೇ ತರ: ಕೊಕ್ಕು ಕಪ್ಪು, ಎದೆಪಟ್ಟಿ ಇಲ್ಲ, ಕೆನ್ನೆಯ ಕಿತ್ತಳೆ ಇಲ್ಲ. ಐದಾರು ವಾರಕ್ಕೆ ಗಂಡಿನ ಕೆನ್ನೆಯಲ್ಲೂ ಪಕ್ಕೆಯಲ್ಲೂ ಬಣ್ಣದ ಗರಿ ಮೂಡಲು ಶುರುವಾಗಿ, ಮೂರು ತಿಂಗಳ ಹೊತ್ತಿಗೆ ಪೂರ್ತಿಯಾಗುತ್ತದೆ. ಅಲ್ಲಿಯವರೆಗೆ ಪೆಂಗ್ವಿನ್, ಕಪ್ಪೆದೆ ಎಂದೆಲ್ಲ ಹೆಸರಿಡಬೇಡಿ. ಎದೆಪಟ್ಟಿ ಇಲ್ಲದ ಎಳೆ ಗಂಡನ್ನು ಪೆಂಗ್ವಿನ್ ಎಂದುಕೊಂಡು ಖರೀದಿಸುವವರು ಕಡಿಮೆಯಿಲ್ಲ.

ಲಿಂಗ ತಿಳಿಯಲು ಬೂದು ಮತ್ತು ಫಾನ್‌ನಲ್ಲಿ ಕೆನ್ನೆ, ಎದೆಪಟ್ಟಿ, ಪಕ್ಕೆಯ ಚುಕ್ಕೆ ಸಾಕು. ಕಷ್ಟ ಬರುವುದು ಬಿಳಿ ಹಕ್ಕಿಯಲ್ಲಿ. ಅಲ್ಲಿ ಕೊಕ್ಕೇ ಆಧಾರ: ಬೆಳೆದ ಗಂಡಿನದು ಹವಳಗೆಂಪು, ಹೆಣ್ಣಿನದು ಕಿತ್ತಳೆ. ಕೆಲವು ಹೆಣ್ಣುಗಳ ಕೊಕ್ಕು ತುಸು ಗಾಢವಾಗಿರುತ್ತದೆ, ಆಗ ಹಾಡು ಕೇಳಿ. ಹಾಡುವುದು ಗಂಡು ಮಾತ್ರ. ಎರಡು ದಿನ ಒಂಟಿಯಾಗಿಟ್ಟು ಆಮೇಲೆ ಹೆಣ್ಣೊಂದನ್ನು ಪಕ್ಕದ ಪಂಜರದಲ್ಲಿ ತೋರಿಸಿದರೆ ಗಂಡು ಸಾಮಾನ್ಯವಾಗಿ ಸುಮ್ಮನಿರುವುದಿಲ್ಲ. ಅಷ್ಟಕ್ಕೂ ಅನುಮಾನ ಉಳಿದರೆ ಡಿಎನ್‌ಎ ಪರೀಕ್ಷೆಗೆ ಎದೆಯಿಂದ ಕಿತ್ತ ನಾಲ್ಕೈದು ಗರಿ ಕಳಿಸಿ. ಪಂಜರದ ತಳದಲ್ಲಿ ಬಿದ್ದ ಗರಿ ಬೇಡ, ಅದು ಯಾರದ್ದೆಂದು ಹೇಳಲಾಗದು, ಬುಡದಲ್ಲಿ ಬೇಕಾದ ಜೀವಕೋಶವೂ ಇರುವುದಿಲ್ಲ.

ಬಣ್ಣವೇ ಮೋಸ ಮಾಡುವ ಸಂದರ್ಭಗಳೂ ಇವೆ. ತಾರಸಿಯ ಬಿಸಿಲಲ್ಲಿಟ್ಟ ಫಾನ್ ಹಕ್ಕಿಯ ಬೆನ್ನು ಮಾಸಿ ಕೆನೆಬಣ್ಣಕ್ಕೆ ತಿರುಗುತ್ತದೆ. ಹೊಸ ಗರಿ ಬಂದಾಗ ಮತ್ತೆ ಕಂದು. ಮುಂದಿನ ಸುತ್ತಿನ ಮೊಟ್ಟೆಗೆ ಅವಸರಪಡುವ ಜೋಡಿ ಮರಿಗಳ ಬೆನ್ನಿನ ಗರಿ ಕಿತ್ತು ಗೂಡಿಗೆ ಹಾಸುವುದುಂಟು. ಬೇರು ಜಖಂ ಆದ ಕಡೆ ಒಮ್ಮೊಮ್ಮೆ ಬಿಳಿ ಗರಿ ಹುಟ್ಟುತ್ತದೆ. ಇದು ಪೈಡ್ ಅಲ್ಲ. ಪೈಡ್‌ನ ಬಿಳಿ ಮಚ್ಚೆ ಮೊದಲ ಗರಿಯಲ್ಲೇ ಇರುತ್ತದೆ, ಅದಕ್ಕೇ ಗೂಡಿನಿಂದ ಇಳಿದ ದಿನದ ಒಂದು ಫೋಟೊ ಇಟ್ಟುಕೊಳ್ಳುವುದು ಉಪಯೋಗ. ಮೈಯೆಲ್ಲ ಕಪ್ಪಡರುತ್ತಿರುವ ಹಕ್ಕಿಯಾದರೆ ಬಿಸಿಲು ಮತ್ತು ಆಹಾರ ಗಮನಿಸಿ. ಕತ್ತಲೆ ಕೋಣೆಯಲ್ಲಿ ಬರೀ ಒಣ ಕಾಳು ತಿಂದು ಬೆಳೆದ ಫಿಂಚ್‌ಗಳಲ್ಲಿ ಇಂಥ ಕಪ್ಪು ಬರುವುದುಂಟು. ನವಣೆ, ಸಾಮೆ, ಬರಗಿನ ಜತೆಗೆ ಮೊಟ್ಟೆ ಆಹಾರ, ಸೊಪ್ಪು, ಕಪ್ಪೆಚಿಪ್ಪಿನ ಪುಡಿ, ಬೆಳಗಿನ ಬಿಸಿಲು ಕೊಟ್ಟ ಮೇಲೆ ಮುಂದಿನ ಗರಿಯಲ್ಲಿ ಹೋದರೆ ಅದು ವಂಶದ್ದಲ್ಲ.

ಗುಲಾಬಿ, ಹಸಿರು, ನೇರಳೆ ‘ಫಿಂಚ್’ ಕೊಂಡಿದ್ದರೆ ವಂಶಶಾಸ್ತ್ರ ಬೇಕಾಗಿಲ್ಲ, ಅದು ಬಣ್ಣದಲ್ಲಿ ಅದ್ದಿದ ಹಕ್ಕಿ. ಎದೆಗೆ ಮೆಲ್ಲಗೆ ಊದಿ ಗರಿಯ ಬುಡ ನೋಡಿ: ಹೊರಗೆ ಗುಲಾಬಿ, ಒಳಗೆ ಬೇರೆ ಬಣ್ಣ, ಚರ್ಮದ ಮೇಲೆ ಕಲೆ. ಹೀಗೆ ಅದ್ದಿ ಮಾರುವುದರಲ್ಲಿ ನಮ್ಮ ಬಯಲಿನ ರಾಟವಾಳಗಳೂ (ಮುನಿಯಾ ಹಕ್ಕಿಗಳು) ಸೇರಿರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಅವನ್ನು ಹಿಡಿಯುವುದೂ ಮಾರುವುದೂ ಅಪರಾಧ.

ಪಂಜರದಲ್ಲಿ ಸೋರಿಕೆ ಇದೆಯೇ?

ಕಾಲನಿಯಲ್ಲಿ, ಅಂದರೆ ಒಂದೇ ದೊಡ್ಡ ಪಂಜರದಲ್ಲಿ ಐದಾರು ಜೋಡಿ ಬಿಟ್ಟು ಸಾಕುವವರಿಗೆ ಈ ಭಾಗವೇ ಮುಖ್ಯ. ಅಲ್ಲಿ ಬರುವ ‘ವಿಚಿತ್ರ’ ಬಣ್ಣಗಳಿಗೆ ಮೊದಲು ಶಂಕಿಸಬೇಕಾದ್ದು ತಂದೆ ಬೇರೆ ಅಥವಾ ಮೊಟ್ಟೆ ಬೇರೆ ಎಂಬುದನ್ನು. ಸೋರಿಕೆ ಎಂದದ್ದು ಇದನ್ನೇ. ಆಸ್ಟ್ರೇಲಿಯದ ಕಾಡಿನಲ್ಲಿ ಜೀಬ್ರಾ ಫಿಂಚ್ ಮರಿಗಳಲ್ಲಿ ಪರಗಂಡಿನವು ನೂರಕ್ಕೆ ಎರಡರ ಆಸುಪಾಸು ಮಾತ್ರ. ಸಾಕಿದ ಕಾಲನಿಗಳಲ್ಲಿ ಇದು ಅದರ ಹತ್ತು ಪಟ್ಟಿಗೂ ಮೀರಿದ್ದು ಕಂಡಿದೆ. ಜೋಡಿ ದಿನವಿಡೀ ಮೈಗೆ ಮೈ ತಾಗಿಸಿ ಕೂತಿರುತ್ತದೆ, ನಿಜ. ಅದು ತಂದೆತನಕ್ಕೆ ಸಾಕ್ಷಿಯಲ್ಲ.

ಎರಡನೆಯ ದಾರಿ ಹಳೆಯ ಗಂಡು. ಹೆಣ್ಣು ಫಿಂಚ್ ವೀರ್ಯವನ್ನು ಒಳಗೆ ಕೂಡಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಹತ್ತು ದಿನ, ಹೆಚ್ಚೆಂದರೆ ಹದಿಮೂರು ದಿನದವರೆಗೂ ಫಲಿತ ಮೊಟ್ಟೆ ಇಡಬಲ್ಲದು. ಅಂಗಡಿಯಿಂದ ತಂದ ಹೆಣ್ಣನ್ನು ಅಂದೇ ನಿಮ್ಮ ಗಂಡಿನ ಜತೆ ಬಿಟ್ಟು, ವಾರದೊಳಗೆ ಮೊಟ್ಟೆ ಬಂತೆಂದು ಖುಷಿಪಟ್ಟರೆ, ಆ ಮರಿಗಳ ತಂದೆ ಅಂಗಡಿಯಲ್ಲೇ ಉಳಿದಿರಬಹುದು.

ಮೂರನೆಯದು ಪರರ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುವ ಹೆಣ್ಣು. ಇದನ್ನು ಹಿಡಿಯುವುದು ಸುಲಭ, ಪೆನ್ಸಿಲ್ ಇದ್ದರೆ ಸಾಕು. ಜೀಬ್ರಾ ಫಿಂಚ್ ದಿನಕ್ಕೊಂದರಂತೆ, ಬೆಳಗಿನ ಹೊತ್ತು ಇಡುತ್ತದೆ. ಒಂದು ಸುತ್ತಿಗೆ ನಾಲ್ಕರಿಂದ ಆರು. ಪ್ರತಿದಿನ ಒಂದೇ ಸಮಯಕ್ಕೆ, ಜೋಡಿ ಕಾಳು ತಿನ್ನಲು ಇಳಿದಾಗ, ಹೊಸ ಮೊಟ್ಟೆಯ ಮೇಲೆ ಮೆತ್ತನೆಯ ಪೆನ್ಸಿಲ್‌ನಿಂದ ತಾರೀಖು ಹಾಕಿ. ಒಂದೇ ದಿನ ಎರಡು ಹೊಸ ಮೊಟ್ಟೆ ಕಂಡರೆ ಒಂದು ಪರಕೀಯ. ಕಾವು ಶುರುವಾಗಿ ನಾಲ್ಕೈದು ದಿನದ ಮೇಲೆ ಬಂದ ಮೊಟ್ಟೆಯೂ ಹಾಗೇ. ಎಂಟೊಂಬತ್ತು ಮೊಟ್ಟೆ ತುಂಬಿದ ಕುಡಿಕೆಯಲ್ಲಿ ಇಬ್ಬರು ತಾಯಂದಿರ ಮೊಟ್ಟೆ ಬೆರೆತಿರಬೇಕು, ಇಲ್ಲವೇ ಎರಡು ಹೆಣ್ಣುಗಳೇ ಜೋಡಿಯಾಗಿ ಕೂತಿರಬೇಕು. ಎರಡನೆಯದಾದರೆ ಬೇರೆ ಗಂಡಿನ ಸಂಪರ್ಕ ಇಲ್ಲದಿದ್ದಲ್ಲಿ ಒಂದೂ ಒಡೆಯುವುದಿಲ್ಲ. ಕಾವು ಕೂತ 12ರಿಂದ 14 ದಿನಕ್ಕೆ ಮರಿಗಳು ಒಂದೆರಡು ದಿನದ ಅಂತರದಲ್ಲಿ ಹೊರಬರಬೇಕು. ಐದು ದಿನ ಹಿಂದುಳಿದ ಮರಿಯೇ ಬೇರೆ ಬಣ್ಣದ್ದೂ ಆಗಿದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ.

ಸೋರಿಕೆ ಅಳೆಯಲು ಒಂದು ಜಾಣ ಜೋಡಿ ಇದೆ: ಫಾನ್ ಗಂಡು, ಬೂದು ಹೆಣ್ಣು. ಇವುಗಳ ಗಂಡುಮರಿಗಳೆಲ್ಲ ಬೂದು, ಹೆಣ್ಣುಮರಿಗಳೆಲ್ಲ ಫಾನ್. ಬೇರೆ ಸಾಧ್ಯತೆಯೇ ಇಲ್ಲ. ಕಾಲನಿಯಲ್ಲಿ ಈ ಜೋಡಿಗೆ ಒಂದು ಬೂದು ಹೆಣ್ಣುಮರಿ ಬಂದರೂ ತಂದೆ ಬೇರೆ ಅಥವಾ ಮೊಟ್ಟೆ ಬೇರೆ. ಫಾನ್ ಗಂಡುಮರಿ ಬಂದರೆ ಮೊಟ್ಟೆಯೇ ಬೇರೆ. ಗಂಡು ಹೆಣ್ಣನ್ನು ಅದಲುಬದಲು ಮಾಡಿದರೆ ಈ ಅನುಕೂಲ ತಪ್ಪಿಹೋಗುತ್ತದೆ: ಬೂದು ಗಂಡಿಗೆ ಫಾನ್ ಹೆಣ್ಣು ಹಾಕಿದಾಗ, ಗಂಡು ಸ್ಪ್ಲಿಟ್ ಅಲ್ಲದಿದ್ದರೆ ಮರಿಗಳೆಲ್ಲ ಬೂದು.

ಮರಿಗಳಿಗೆ ಎಂಟರಿಂದ ಹತ್ತನೆಯ ದಿನದ ನಡುವೆ ಮುಚ್ಚಿದ ಉಂಗುರ ಹಾಕಿ. ತಡವಾದರೆ ಕಾಲು ತೂರುವುದಿಲ್ಲ, ಬೇಗ ಹಾಕಿದರೆ ಕಳಚಿ ಬೀಳುತ್ತದೆ. ದೊಡ್ಡವಕ್ಕೆ ಬಣ್ಣದ ಪ್ಲಾಸ್ಟಿಕ್ ಉಂಗುರ ಹಾಕುವವರು ಗಂಡುಗಳಿಗೆಲ್ಲ ಒಂದೇ ಬಣ್ಣ ಹಾಕಿ, ಗುರುತಿಗೆ ಸಂಖ್ಯೆ ಬಳಸುವುದು ಒಳ್ಳೆಯದು. 1980ರ ದಶಕದ ಪ್ರಯೋಗಗಳಲ್ಲಿ ಹೆಣ್ಣುಗಳು ಕೆಂಪು ಉಂಗುರದ ಗಂಡಿನತ್ತ ಹೆಚ್ಚು ಒಲಿದು ಹಸಿರಿನದನ್ನು ದೂರವಿಟ್ಟಿದ್ದವು. ಆಮೇಲಿನ ಪ್ರಯೋಗಗಳೆಲ್ಲ ಅದಕ್ಕೆ ಹೂಂ ಎಂದಿಲ್ಲ, ಆದರೂ ಪರೀಕ್ಷೆಯ ಪಂಜರದಲ್ಲಿ ಅಂಥ ಏರುಪೇರು ಯಾಕೆ?

ಗೊಂದಲ ಒಂದೊಂದಾಗಿ

*ಬೂದು ಜೋಡಿಗೆ ಫಾನ್ ಹೆಣ್ಣುಮರಿ.* ತಂದೆ ಸ್ಪ್ಲಿಟ್ ಫಾನ್. ಮುಂದಿನ ಸುತ್ತುಗಳಲ್ಲೂ ಹೆಣ್ಣುಮರಿಗಳಲ್ಲಿ ಸುಮಾರು ಅರ್ಧ ಫಾನ್ ಬರುತ್ತವೆ. ಗಂಡುಮರಿಗಳೆಲ್ಲ ಬೂದು, ಅವುಗಳಲ್ಲಿ ಅರ್ಧ ಸ್ಪ್ಲಿಟ್. ಯಾವುವು ಎಂದು ನೋಡಿ ಹೇಳಲು ಬರುವುದಿಲ್ಲ.

*ಎರಡು ಬಿಳಿ ಹಕ್ಕಿಗೆ ಬೂದು ಮರಿಗಳು.* ಅತಿ ಹೆಚ್ಚು ತಲೆ ಕೆಡಿಸುವ ಪ್ರಕರಣ ಇದೇ, ಸ್ವಲ್ಪ ನಿಧಾನವಾಗಿ ನೋಡೋಣ. ನಿಜವಾದ ಬಿಳಿಗೆ ನಿಜವಾದ ಬಿಳಿ ಸೇರಿದರೆ ಬಿಳಿ ಬಿಟ್ಟು ಬೇರೇನೂ ಹುಟ್ಟದು. ಬೂದು ಬಂತೆಂದರೆ ಎರಡರಲ್ಲಿ ಒಂದು ಬಿಳಿಯೇ ಅಲ್ಲ. ಸಾಮಾನ್ಯವಾಗಿ ಅದು ಸಿಎಫ್‌ಡಬ್ಲ್ಯೂ, ಅದರಲ್ಲೂ ಹೆಣ್ಣು. ಹಕ್ಕಿಯನ್ನು ಕೈಯಲ್ಲಿ ಹಿಡಿದು ಕಿಟಕಿ ಬೆಳಕಿಗೆ ಒಯ್ಯಿರಿ. ಕಣ್ಣಿನ ಕೆಳಗೆ ಕೊಕ್ಕಿನ ಪಕ್ಕ ಇಳಿಯುವ ಕಣ್ಣೀರುಗೆರೆ ತೆಳುವಾಗಿಯಾದರೂ ಇದೆಯೇ? ಬಾಲದ ಮೇಲಿನ ಗರಿಗಳಲ್ಲಿ ಅಡ್ಡಪಟ್ಟೆಯ ನೆರಳು ಇದೆಯೇ? ಬೆನ್ನಿಗೆ ಕಾಗದದ ಬಿಳುಪೋ, ಹಾಲಿನ ಕೆನೆಯ ಛಾಯೆಯೋ? ಗೆರೆ, ಪಟ್ಟೆ, ಕೆನೆ ಕಂಡರೆ ಸಿಎಫ್‌ಡಬ್ಲ್ಯೂ. ಗಂಡು ಸಿಎಫ್‌ಡಬ್ಲ್ಯೂನಲ್ಲಿ ಕೆನ್ನೆ, ಪಕ್ಕೆಯ ಬಣ್ಣ ಸ್ಪಷ್ಟವಾಗಿ ಇರುವುದರಿಂದ ಮೋಸಹೋಗುವುದು ಕಡಿಮೆ. ಎಳೆಯ ಬಿಳಿ ಹಕ್ಕಿಯ ಬೆನ್ನಲ್ಲಿ ಒಂದೆರಡು ಬೂದು ಗರಿ ಇರುವುದುಂಟು, ಅದು ಮೊದಲ ಗರಿ ಬದಲಾವಣೆಗೆ ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೊಟ್ಟೆಯೊಡೆದ ದಿನ ನೋಡಿದರೆ ಇನ್ನೂ ಸ್ಪಷ್ಟ: ಸಿಎಫ್‌ಡಬ್ಲ್ಯೂ ಮರಿಯ ಮುಚ್ಚಿದ ರೆಪ್ಪೆಯಡಿ ಕಣ್ಣು ಕೆಂಪುಛಾಯೆಯಲ್ಲಿರುತ್ತದೆ, ಕೆಲವು ದಿನಗಳಲ್ಲಿ ಕಪ್ಪಾಗುತ್ತದೆ, ಬಿಳಿ ಮರಿಯ ಕಣ್ಣು ಮೊದಲ ದಿನವೇ ಕಪ್ಪು.

ಈಗ ಲೆಕ್ಕ: ಬಿಳಿ ಗಂಡು, ಸಿಎಫ್‌ಡಬ್ಲ್ಯೂ ಹೆಣ್ಣು ಆದರೆ ಮರಿಗಳೆಲ್ಲ ಬೂದು. ಸಿಎಫ್‌ಡಬ್ಲ್ಯೂ ಗಂಡು, ಬಿಳಿ ಹೆಣ್ಣು ಆದರೆ ಗಂಡುಮರಿಗಳು ಬೂದು, ಹೆಣ್ಣುಮರಿಗಳು ಸಿಎಫ್‌ಡಬ್ಲ್ಯೂ. ಸಿಎಫ್‌ಡಬ್ಲ್ಯೂ ಬದಲು ಪೂರ್ತಿ ಬೆಳ್ಳಗಾದ ಪೈಡ್ ಇದ್ದರೂ ಬೂದೇ ಬರುತ್ತದೆ. ಎರಡೂ ದುರ್ಬಲ ಬಣ್ಣ, ಆದರೆ ಬೇರೆ ಬೇರೆ ಜೀನು. ಒಂದರ ಕೊರತೆಯನ್ನು ಇನ್ನೊಂದು ತುಂಬಿಬಿಡುತ್ತದೆ.

*ಬಿಳಿ ಹಕ್ಕಿಯಿಂದ ಸಿಲ್ವರ್ ಮರಿ.* ಪ್ರಬಲ ಬಣ್ಣ ಅಡಗಿರುವುದಿಲ್ಲ ಎಂದೆವು. ಅದಕ್ಕೆ ದೊಡ್ಡ ವಿನಾಯಿತಿ ಬಿಳಿ. ಬಿಳಿ ಎಂಬುದು ಪಾತ್ರೆಯ ಮೇಲಿನ ಮುಚ್ಚಳ. ಒಳಗೆ ಬೂದು, ಫಾನ್, ಸಿಲ್ವರ್ ಏನಿದ್ದರೂ ಹೊರಗೆ ಕಾಣದು. ಬೂದು ಹೆಣ್ಣಿಗೆ ಬಿಳಿ ಗಂಡು ಹಾಕಿದಾಗ ಅರ್ಧದಷ್ಟು ಸಿಲ್ವರ್ ಮರಿ ಬಂದರೆ ಆಶ್ಚರ್ಯ ಬೇಡ, ಬಿಳಿ ಗಂಡಿನಲ್ಲಿ ಡಾಮಿನೆಂಟ್ ಸಿಲ್ವರ್ ಇತ್ತು. ಹೆಣ್ಣುಮರಿಗಳೆಲ್ಲ ಫಾನ್ ಆದರೆ ಒಳಗಿದ್ದದ್ದು ಫಾನ್ ಗಂಡು. ಫಾನ್, ಸಿಲ್ವರ್ ಎರಡೂ ಒಂದೇ ಮರಿಗೆ ಇಳಿದರೆ ಅದು ಕ್ರೀಮ್. ಅದನ್ನೂ ಹೊಸ ಮ್ಯುಟೇಶನ್ ಎಂದು ಸಾರುವವರಿದ್ದಾರೆ. ಜುಟ್ಟು ಮಾತ್ರ ಬಿಳಿಯಲ್ಲೂ ಅಡಗದು, ಅದು ಬಣ್ಣವಲ್ಲ, ಗರಿ ತಿರುಗುವ ರೀತಿ.

*ಲೈಟ್‌ಬ್ಯಾಕ್ ಗಂಡಿಗೆ ಸಿಎಫ್‌ಡಬ್ಲ್ಯೂ ಹೆಣ್ಣುಮರಿ.* ತಾಯಿ ಬೂದು, ತಂದೆ ಲೈಟ್‌ಬ್ಯಾಕ್. ನಿಯಮದ ಪ್ರಕಾರ ಹೆಣ್ಣುಮರಿಗಳೆಲ್ಲ ಲೈಟ್‌ಬ್ಯಾಕ್ ಆಗಬೇಕಿತ್ತು. ನಿಯಮ ತಪ್ಪಿಲ್ಲ. ಲೈಟ್‌ಬ್ಯಾಕ್, ಸಿಎಫ್‌ಡಬ್ಲ್ಯೂ ಎರಡೂ ಒಂದೇ ಜೀನಿನ ಬೇರೆ ಬೇರೆ ರೂಪ, ಲೈಟ್‌ಬ್ಯಾಕ್‌ನದೇ ಮೇಲುಗೈ. ನಿಮ್ಮ ಗಂಡಿನ ಒಂದು ಝಡ್ ಮೇಲೆ ಲೈಟ್‌ಬ್ಯಾಕ್, ಇನ್ನೊಂದರ ಮೇಲೆ ಸಿಎಫ್‌ಡಬ್ಲ್ಯೂ ಇದೆ. ಹೆಣ್ಣುಮರಿಗಳು ಅರ್ಧರ್ಧ ಹಂಚಿಕೊಳ್ಳುತ್ತವೆ.

*ಫಾನ್ ಮತ್ತು ಸಿಎಫ್‌ಡಬ್ಲ್ಯೂ ಜೋಡಿಗೆ ಬೂದು ಗಂಡು, ಮೊಮ್ಮಕ್ಕಳಲ್ಲಿ ನಾಲ್ಕು ಬಣ್ಣ.* ಇವೆರಡು ಝಡ್ ಮೇಲಿನ ಬೇರೆ ಬೇರೆ ಜೀನು. ಫಾನ್ ಗಂಡಿಗೆ ಸಿಎಫ್‌ಡಬ್ಲ್ಯೂ ಹೆಣ್ಣು ಸೇರಿದರೆ ಗಂಡುಮರಿಗಳು ಬೂದು. ಆ ಬೂದು ಗಂಡಿಗೆ ಮುಂದೆ ಬೂದು ಹೆಣ್ಣು ಹಾಕಿದಾಗ ಹೆಣ್ಣುಮರಿಗಳು ಫಾನ್ ಅಥವಾ ಸಿಎಫ್‌ಡಬ್ಲ್ಯೂ ಆಗುವುದು ನಿರೀಕ್ಷಿತ. ಆದರೆ ಗಂಡಿನ ಎರಡು ಝಡ್‌ಗಳು ವೀರ್ಯ ತಯಾರಾಗುವಾಗ ತುಂಡು ಅದಲುಬದಲು ಮಾಡಿಕೊಳ್ಳುವುದರಿಂದ, ಆಗೊಮ್ಮೆ ಈಗೊಮ್ಮೆ ಎರಡೂ ಇಲ್ಲದ ಬೂದು ಹೆಣ್ಣು, ಎರಡೂ ಇರುವ ಫಾನ್ ಸಿಎಫ್‌ಡಬ್ಲ್ಯೂ ಹೆಣ್ಣು ಹುಟ್ಟುತ್ತವೆ. ಇಲ್ಲಿ ಬೂದು ಹೆಣ್ಣುಮರಿ ಕಂಡು ಸೋರಿಕೆ ಎಂದು ತೀರ್ಮಾನಿಸಬೇಡಿ.

*ಜುಟ್ಟಿಲ್ಲದ ಜೋಡಿಗೆ ಜುಟ್ಟಿನ ಮರಿ.* ತಂದೆತಾಯಿಯ ನೆತ್ತಿಯನ್ನು ಒದ್ದೆ ಬೆರಳಿನಿಂದ ಸವರಿ ನೋಡಿ. ಜುಟ್ಟು ಕಳಪೆಯಾಗಿದ್ದರೆ ನಾಲ್ಕಾರು ಗರಿ ಸುಳಿಯಾಗಿ ತಿರುಗಿರುವುದಷ್ಟೇ ಕಾಣುತ್ತದೆ. ಸುಳಿಯೂ ಇಲ್ಲದಿದ್ದರೆ ಪಂಜರದ ಸೋರಿಕೆಯ ಭಾಗಕ್ಕೆ ವಾಪಸ್ ಹೋಗಿ. ಇದರ ಇನ್ನೊಂದು ಮುಖ: ಜುಟ್ಟಿಗೆ ಜುಟ್ಟು ಜೋಡಿ ಮಾಡಿದವರು ಮೊಟ್ಟೆಯಲ್ಲೇ ಮರಿ ಸಾಯುತ್ತಿದೆ ಎಂದು ತೇವಾಂಶ, ಸುಣ್ಣ ಎಲ್ಲವನ್ನೂ ದೂರುತ್ತಾರೆ. ಜುಟ್ಟಿನ ಜೀನು ಎರಡು ಪ್ರತಿ ಸೇರಿದರೆ ಭ್ರೂಣ ಉಳಿಯುವುದಿಲ್ಲ. ನಾಲ್ಕರಲ್ಲೊಂದು ಫಲಿತ ಮೊಟ್ಟೆ ಹಾಗೆಯೇ ಹೋಗುತ್ತದೆ. ಜುಟ್ಟಿಗೆ ಜುಟ್ಟಿಲ್ಲದ್ದನ್ನೇ ಹಾಕಿ, ಅರ್ಧ ಮರಿಗಳಿಗೆ ಜುಟ್ಟು ಹೇಗೂ ಬರುತ್ತದೆ.

*ಕೊಕ್ಕು ಹಳದಿ.* ದುರ್ಬಲ ಬಣ್ಣ, ಇಬ್ಬರೂ ಹೊತ್ತಿದ್ದಾರೆ. ಕಾಳಿನಿಂದ ಸಿಗುವ ಹಳದಿ ವರ್ಣದ್ರವ್ಯವನ್ನು ಕೆಂಪಾಗಿಸುವ ಕೆಲಸ ಈ ಹಕ್ಕಿಗಳಲ್ಲಿ ನಡೆಯುವುದಿಲ್ಲ. ಆ ಜೀನು ಯಾವುದೆಂದು 2016ರಲ್ಲಿ ಗೊತ್ತಾಗಿದೆ. ಕ್ಯಾರೆಟ್ ಎಷ್ಟು ತಿನ್ನಿಸಿದರೂ ಕೆಂಪಾಗದು.

*ಅರ್ಧ ಮೈ ಗಂಡು, ಅರ್ಧ ಮೈ ಹೆಣ್ಣು.* ನಡುಗೆರೆ ಎಳೆದಂತೆ ಒಂದು ಕಡೆ ಕೆನ್ನೆಯ ಕಿತ್ತಳೆ, ಇನ್ನೊಂದು ಕಡೆ ಇಲ್ಲ. ಇದು ತೀರಾ ವಿರಳ, ಆದರೆ ಸುಳ್ಳಲ್ಲ. ಇಂಥ ಒಂದು ಜೀಬ್ರಾ ಫಿಂಚ್‌ನ ವಿವರವಾದ ಅಧ್ಯಯನ 2003ರಲ್ಲಿ ಪ್ರಕಟವಾಗಿದೆ. ಇದರಿಂದ ತಳಿ ಎಬ್ಬಿಸಲು ಹೋಗಬೇಡಿ, ಇದು ವಂಶಕ್ಕೆ ಇಳಿಯುವ ಬಣ್ಣವಲ್ಲ.

ಬರಬೇಕಾದ ಬಣ್ಣ ಬರದಿದ್ದರೆ

ಸ್ಪ್ಲಿಟ್ ಫಾನ್ ಗಂಡು ಎಂದು ಕೊಂಡಿದ್ದೀರಿ, ಮೊದಲ ಸುತ್ತಿನ ನಾಲ್ಕೂ ಬೂದು. ಮೋಸ ಎನ್ನಲು ಇನ್ನೂ ಹೊತ್ತಾಗಿಲ್ಲ. ಬೂದು ಹೆಣ್ಣಿನ ಜತೆ ಇದ್ದಾಗ ಪ್ರತಿ ಮರಿ ಫಾನ್ ಆಗುವ ಸಾಧ್ಯತೆ ಕಾಲು ಭಾಗ ಮಾತ್ರ. ನಿಜವಾಗಿಯೂ ಸ್ಪ್ಲಿಟ್ ಆಗಿರುವ ಗಂಡಿಗೂ ನಾಲ್ಕು ಮರಿಗಳಲ್ಲಿ ಒಂದೂ ಫಾನ್ ಬಾರದಿರುವ ಸಾಧ್ಯತೆ ನೂರಕ್ಕೆ 32. ಎಂಟು ಮರಿಗೆ ಅದು 10, ಹನ್ನೆರಡಕ್ಕೆ 3. ಬೇಗ ಗೊತ್ತಾಗಬೇಕೆಂದರೆ ಫಾನ್ ಹೆಣ್ಣಿನ ಜತೆ ಹಾಕಿ. ಆಗ ಗಂಡು ಹೆಣ್ಣು ಭೇದವಿಲ್ಲದೆ ಪ್ರತಿ ಮರಿಗೂ ಅರ್ಧ ಸಾಧ್ಯತೆ. ಸತತ ಏಳು ಮರಿ ಬೂದಾದರೆ ಸ್ಪ್ಲಿಟ್ ಆಗಿರುವ ಸಾಧ್ಯತೆ ಬಿಟ್ಟುಬಿಡಬಹುದು. ಒಂದೇ ಒಂದು ಫಾನ್ ಮರಿ ಬಂದರೆ ಅಲ್ಲಿಗೇ ಪರೀಕ್ಷೆ ಮುಗಿಯಿತು.

ಬಿಳಿ, ಪೈಡ್, ಪೆಂಗ್ವಿನ್ ಸ್ಪ್ಲಿಟ್ ಪರೀಕ್ಷೆಗೂ ಇದೇ ಏಳರ ಲೆಕ್ಕ: ಅನುಮಾನದ ಹಕ್ಕಿಗೆ ಆ ಬಣ್ಣ ಕಾಣುವ ಸಂಗಾತಿ ಕೊಡಿ. ತಾಯಿಗೋ ಮಗಳಿಗೋ ವಾಪಸ್ ಜೋಡಿಸಿ ನೋಡುವ ಅಭ್ಯಾಸ ಬೇಡ; ಬಣ್ಣ ಬಂದರೂ ಜತೆಗೆ ಬಲಹೀನ ಮರಿಗಳು ಬರುತ್ತವೆ.

ಪರೀಕ್ಷೆ ನಂಬುವಂತಿರಬೇಕಾದರೆ ಇಷ್ಟು ಮಾಡಿ. ಹೆಣ್ಣನ್ನು ಗಂಡಿನ ಸಂಪರ್ಕವೇ ಇಲ್ಲದ ಪಂಜರದಲ್ಲಿ 21 ದಿನ ಇಡಿ. ಹದಿಮೂರು ದಿನ ಸಾಲದೇ ಎಂದರೆ, ಹೆಚ್ಚುವರಿ ದಿನಗಳಿಂದ ನಷ್ಟವೇನಿಲ್ಲ. ಆ ಅವಧಿಯಲ್ಲಿ ಇಟ್ಟ ಮೊಟ್ಟೆ ತೆಗೆದುಬಿಡಿ. ಆಮೇಲೆ ಒಂದು ಜೋಡಿಗೊಂದು ಪಂಜರ, ಕನಿಷ್ಠ ಎರಡಡಿ ಉದ್ದದ್ದು, ಒಂದೇ ಗೂಡು. ಪಕ್ಕದ ಪಂಜರದ ಸರಳು ತಾಗಿಕೊಂಡಿರಬಾರದು. ಆರು ತಿಂಗಳಿಗಿಂತ ಎಳೆಯ ಹೆಣ್ಣನ್ನು ಬಳಸಬೇಡಿ. ಮೂರು ತಿಂಗಳಿಗೇ ಮೊಟ್ಟೆ ಇಡಬಲ್ಲವು, ಆದರೆ ಮೊಟ್ಟೆ ಸಿಕ್ಕಿಹಾಕಿಕೊಂಡು ಸಾಯುವುದೂ ಅಂಥವೇ. ಎರಡು ಮೂರು ಸುತ್ತಿನ ಮೇಲೆ ಗೂಡು ತೆಗೆದು ವಿಶ್ರಾಂತಿ ಕೊಡಿ. ಮರಿಗಳು ಮೂರು ತಿಂಗಳಾಗಿ ಬಣ್ಣ ಪೂರ್ತಿಯಾಗುವವರೆಗೆ ಒಂದನ್ನೂ ಮಾರಬೇಡಿ; ಪುಸ್ತಕದಲ್ಲಿ ಉಂಗುರದ ಸಂಖ್ಯೆಯ ಎದುರು ಬಣ್ಣದ ಜತೆ ಲಿಂಗವನ್ನೂ ಬರೆಯಿರಿ. ಲಿಂಗವಿಲ್ಲದ ದಾಖಲೆಯಿಂದ ಮೇಲಿನ ಯಾವ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ.

ಗೌಲ್ಡಿಯನ್ ಸಾಕುವವರಿಗೆ

ಗೌಲ್ಡಿಯನ್ ಎಂಬುದು ಇನ್ನೊಂದು ಜಾತಿಯ ಫಿಂಚ್. ಇಲ್ಲಿ ಜಗಳ ತಲೆಯ ಬಣ್ಣದ್ದು. ಕೆಂಪು ತಲೆ, ಕಪ್ಪು ತಲೆ ಎರಡೂ ಝಡ್ ಮೇಲಿನ ಒಂದೇ ಜೀನಿಗೆ ಸೇರಿದವು, ಕೆಂಪು ಪ್ರಬಲ. ಆಸ್ಟ್ರೇಲಿಯದ ಕಾಡಿನಲ್ಲಿ ಕಪ್ಪು ತಲೆಯವೇ ಹೆಚ್ಚು, ಹಾಗಾಗಿ ‘ಹೆಚ್ಚು ಕಾಣುವುದೇ ಪ್ರಬಲ’ ಎಂಬ ಊಹೆ ಇಲ್ಲಿ ಕೈಕೊಡುತ್ತದೆ. ಎರಡು ಕೆಂಪು ತಲೆಗೆ ಕಪ್ಪು ತಲೆಯ ಮರಿ ಬಂದರೆ ಅದು ಹೆಣ್ಣೇ ಆಗಿರಬೇಕು, ತಂದೆ ಸ್ಪ್ಲಿಟ್. ಕಪ್ಪು ಗಂಡಿಗೆ ಕೆಂಪು ಹೆಣ್ಣು ಸೇರಿದರೆ ಗಂಡುಮರಿಗಳೆಲ್ಲ ಕೆಂಪು, ಹೆಣ್ಣುಮರಿಗಳೆಲ್ಲ ಕಪ್ಪು. ಎರಡು ಕಪ್ಪು ತಲೆಗೆ ಕೆಂಪು ಮರಿ ಹುಟ್ಟುವಂತಿಲ್ಲ. ಹುಟ್ಟಿದರೆ ಮೊಟ್ಟೆ ಅಥವಾ ತಂದೆ ಬೇರೆ.

ಹಳದಿ ತಲೆಯ ಜೀನು ಝಡ್ ಮೇಲಿಲ್ಲ, ದುರ್ಬಲ, ಮತ್ತು ಅದು ಕೆಂಪನ್ನಷ್ಟೇ ಹಳದಿಯಾಗಿಸಬಲ್ಲದು. ಕಪ್ಪು ತಲೆಯ ಹಕ್ಕಿಯಲ್ಲಿ ಹಳದಿಯ ಎರಡು ಪ್ರತಿ ಇದ್ದರೂ ತಲೆ ಕಪ್ಪಾಗಿಯೇ ಇರುತ್ತದೆ. ಗುರುತು ಕೊಕ್ಕಿನ ತುದಿಯಲ್ಲಿದೆ: ಕೆಂಪು ತುದಿಯ ಬದಲು ಹಳದಿ. ಎರಡು ಹಳದಿ ತಲೆಗೆ ಕಪ್ಪು ತಲೆಯ ಹೆಣ್ಣುಮರಿ ಬಂದಾಗ ಕೊಕ್ಕಿನ ತುದಿ ನೋಡಿ. ಹಳದಿ ಇದ್ದರೆ ಲೆಕ್ಕ ಸರಿ, ಕೆಂಪು ಇದ್ದರೆ ಮರಿ ಆ ಜೋಡಿಯದಲ್ಲ. ಎಳೆಯ ಗೌಲ್ಡಿಯನ್ ಬೂದುಹಸಿರಾಗಿದ್ದು, ತಲೆಯ ಬಣ್ಣ ಪೂರ್ತಿಯಾಗಲು ಐದಾರು ತಿಂಗಳು ಹಿಡಿಯುತ್ತದೆ. ಹೆಣ್ಣಿನ ಕೆಂಪು ಮುಖವಾಡದಲ್ಲಿ ಕಪ್ಪು ಗರಿಗಳು ಬೆರೆತಿರುವುದೂ ಸಾಮಾನ್ಯ. ಅರ್ಧ ಬದಲಾದ ಮರಿಯ ಫೋಟೊ ನೋಡಿ ತೀರ್ಪು ಕೊಡುವವರ ಮಾತು ಕೇಳಬೇಡಿ.

ಎದೆಯ ಬಣ್ಣ ಲಿಂಗಕ್ಕೆ ಸೇರಿಲ್ಲ: ನೇರಳೆ ಎಲ್ಲಕ್ಕಿಂತ ಪ್ರಬಲ, ತಿಳಿನೇರಳೆ ನಡುವೆ, ಬಿಳಿ ಕೊನೆ. ಎರಡು ಬಿಳಿ ಎದೆಗೆ ನೇರಳೆ ಎದೆ ಬರಲಾರದು.

ಗೌಲ್ಡಿಯನ್ ಮೊಟ್ಟೆಗಳನ್ನು ಬೆಂಗಾಲಿ ಫಿಂಚ್ ಅಡಿಯಲ್ಲಿ ಕಾವಿಗಿಡುವವರಲ್ಲಿ ಬೇರೊಂದು ಬಗೆಯ ಗೊಂದಲ. ಸಾಕು ತಾಯಿಯ ಸ್ವಂತ ಮರಿಯನ್ನು ಬೇರ್ಪಡಿಸುವುದು ಸುಲಭ. ಗೌಲ್ಡಿಯನ್ ಮರಿ ಬೋಳುಮೈಯಲ್ಲಿ ಹುಟ್ಟುತ್ತದೆ, ಬಾಯಿಯ ಮೂಲೆಗಳಲ್ಲಿ ಬೆಳಕು ಬಿದ್ದಾಗ ಹೊಳೆಯುವ ನೀಲಿ ಗುಬುಟುಗಳಿರುತ್ತವೆ. ಆದರೆ ಎರಡು ಗೌಲ್ಡಿಯನ್ ಜೋಡಿಗಳ ಮೊಟ್ಟೆ ಒಂದೇ ಗೂಡಿಗೆ ಹಾಕಿದರೆ, ಒಡೆದ ಮೇಲೆ ಚಿಪ್ಪಿನ ಮೇಲಿನ ಪೆನ್ಸಿಲ್ ಗುರುತು ಕಸಕ್ಕೆ ಹೋಯಿತು, ಯಾವ ಮರಿ ಯಾವ ಜೋಡಿಯದೆಂದು ಹೇಳುವವರಿಲ್ಲ. ಒಂದು ಸಾಕು ಜೋಡಿಗೆ ಒಂದೇ ಜೋಡಿಯ ಮೊಟ್ಟೆ ಕೊಡಿ. ಗೂಡು ಸಾಲದೆ ಬೆರೆಸಲೇಬೇಕಾದರೆ ತಲೆಯ ಬಣ್ಣದಿಂದಲೇ ಬೇರೆಯಾಗುವ ಜೋಡಿಗಳನ್ನು ಆರಿಸಿ: ಕಪ್ಪು ತಲೆಗೆ ಕಪ್ಪು ತಲೆ ಒಂದು ಕಡೆ, ಸ್ಪ್ಲಿಟ್ ಅಲ್ಲವೆಂದು ಖಾತ್ರಿಯಾದ ಕೆಂಪು ಗಂಡಿನ ಜೋಡಿ ಇನ್ನೊಂದು ಕಡೆ. ಮೊದಲನೆಯದರ ಮರಿಗಳೆಲ್ಲ ಕಪ್ಪು, ಎರಡನೆಯದರವೆಲ್ಲ ಕೆಂಪು. ಐದಾರು ತಿಂಗಳು ಕಾಯಬೇಕು ಅಷ್ಟೇ.